ಕ್ರೇನ್ ನೆಟ್ಟಗೇ ಇತ್ತು

ತಿಂಗಳಿಗೊಮ್ಮೆ ಓಕ್ ಮಾನ್‌ಹೊ ಬಂದರಿನ ಹಿಂದಿನ ಗುಡ್ಡದ ಮೇಲೆ ಡ್ರೋನ್ ಪೆಟ್ಟಿಗೆ ಬಿಚ್ಚಿದನೆಂದರೆ ಕೆಳಗೆ ಕಟ್ಟಡದ ಕೆಲಸದವರೆಲ್ಲ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದರು. ದಾರಿಗೆ ಅಡ್ಡ ಬಿದ್ದ ಹಲಗೆ ಬದಿಗೆ ಸರಿಯುತ್ತಿತ್ತು. ಸಿಗರೇಟು ಬೂಟಿನ ಅಡಿಗೆ ಹೋಗುತ್ತಿತ್ತು. ಮಾಸಿದ ಕಂಪನಿ ಬಾವುಟ ಇಳಿದು ಹೊಸದು ಏರುತ್ತಿತ್ತು. ಆ ವಿಡಿಯೋ ಸೋಲ್ ನಗರದ ಕಚೇರಿಗೆ ಹೋಗುತ್ತದೆ, ಅಲ್ಲಿ ದೊಡ್ಡವರು ನೋಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ದೊಡ್ಡವರು ನೋಡುವ ದಿನ ಎಲ್ಲ ಚೊಕ್ಕಟವಾಗಿರಬೇಕು. ನೋಡದ ದಿನಗಳಲ್ಲಿ ಹೇಗಿದ್ದರೂ ನಡೆಯುತ್ತದೆ. ಗೊಜೆ ದ್ವೀಪದಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತ ಅಪಾರ್ಟ್‌ಮೆಂಟುಗಳೆಲ್ಲ ಹೀಗೆಯೇ ಮೇಲೆದ್ದವು. ಇನ್ನು ಏಳುವಂಥವೂ ಹೀಗೆಯೇ ಏಳುತ್ತವೆ.

ಮಾನ್‌ಹೊ ಮೊದಲು ಮದುವೆ ವಿಡಿಯೋ ತೆಗೆಯುತ್ತಿದ್ದವನು. ಹಡಗು ಕಟ್ಟುವ ಕಾರ್ಖಾನೆಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲದಲ್ಲಿ ಈ ಊರಿನ ವೆಲ್ಡರುಗಳು, ಪೇಂಟರುಗಳು ಸಾಲುಗಟ್ಟಿ ಮದುವೆಯಾದರು. ಅವರು ಹಿರಿಯರಿಗೆ ಬಾಗಿದ್ದು, ತಾಯಂದಿರು ಅತ್ತದ್ದು, ಗೆಳೆಯರು ಕುಡಿದು ಕುಣಿದದ್ದು ಎಲ್ಲ ಇವನ ಕ್ಯಾಮೆರಾದಲ್ಲಿ ಹಾದುಹೋದವು. ಆಮೇಲೆ ಕಾರ್ಖಾನೆಗಳು ಜನರನ್ನು ಹೊರಹಾಕಿದವು. ಹುಡುಗರು ಊರು ಬಿಟ್ಟರು, ಹುಡುಗಿಯರು ಅವರಿಗಿಂತ ಮೊದಲೇ ಬಿಟ್ಟಿದ್ದರು. ಮಾನ್‌ಹೊಗೆ ಹೆಚ್ಚು ಕೆಲಸ ಕೊಡುತ್ತಿದ್ದ ಮದುವೆ ಹಾಲ್‌ನ ಮಾಲೀಕ ಜಾಣ. ಗುಲಾಬಿ ಪರದೆ ಕಿತ್ತು ಬೂದು ಪರದೆ ಹಾಕಿ, ಅದನ್ನೇ ಸತ್ತವರನ್ನು ಬೀಳ್ಕೊಡುವ ಹಾಲ್ ಮಾಡಿದ. ಗಾಡಿ ನಿಲ್ಲಿಸುವ ಜಾಗ ಅದೇ, ಅಡುಗೆಮನೆ ಅದೇ, ಗಿರಾಕಿಗಳೂ ಹೆಚ್ಚುಕಡಿಮೆ ಅವರೇ. ಸಾವಿಗೆ ಮಾತ್ರ ಯಾರೂ ವಿಡಿಯೋ ಮಾಡಿಸುವುದಿಲ್ಲ.

ಕೆಲಸವಿಲ್ಲದೆ ಮಾನ್‌ಹೊ ಸಮುದ್ರದ ಚಿಪ್ಪುಮಾಂಸ ಬಿಡಿಸುವ ಶೆಡ್ಡಿಗೆ ಸೇರಿದ. ಅಲ್ಲಿ ಮುದುಕಿಯರ ನಡುವೆ ರಬ್ಬರ್ ಏಪ್ರನ್ ಕಟ್ಟಿಕೊಂಡು ಕೂತಿದ್ದವನನ್ನು ಎಬ್ಬಿಸಿಕೊಂಡು ಹೋದವನು ಪ್ಯೊ ಸಾಂಗ್‌ಗಿಲ್. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ಸಾಂಗ್‌ಗಿಲ್ ಕಟ್ಟಡಗಳ ಹೊರಗೆ, ಕೆಲಸದವರು ಹತ್ತಿ ನಿಲ್ಲುವ ಕಬ್ಬಿಣದ ಸಾರ್ವೆ ಕಟ್ಟುವ ತಂಡದ ಮೇಸ್ತ್ರಿ.

"ಲೋ, ಕ್ಯಾಮೆರಾ ಹಿಡಿಯೋ ಕೈಲಿ ಚಿಪ್ಪು ಬಿಡಿಸ್ತಾ ಕೂತಿದೀಯಲ್ಲೋ, ನಾಚ್ಕೆ ಆಗಲ್ವಾ?" ಎಂದ ಸಾಂಗ್‌ಗಿಲ್. "ಸೈಟ್‌ಗಳಲ್ಲಿ ಈಗ ಮೇಲಿಂದ ವಿಡಿಯೋ ತೆಗ್ಯೋರು ಬೇಕಂತೆ. ಒಂದು ಡ್ರೋನ್ ತಗೋ. ನಾನು ಮಾತಾಡ್ತೀನಿ."

"ಬಿದ್ದುಹೋದ್ರೆ?"

"ಬಿದ್ರೆ ಡ್ರೋನ್ ಬೀಳತ್ತೆ, ನೀನೇನು ಅದರ ಮೇಲೆ ಕೂತಿರ್ತೀಯಾ? ಮೇಲಿಂದ ಬೀಳೋ ಕೆಲ್ಸ ನಂದು."

ಡ್ರೋನ್ ಬಂದ ದಿನ ಸಾಂಗ್‌ಗಿಲ್ ಬಿಡಲಿಲ್ಲ, ಪೂಜೆ ಆಗಲೇಬೇಕು ಎಂದ. ಪೇಟೆಗೆ ಹೋಗಿ, ಬೇಯಿಸಿದ ಹಂದಿ ತಲೆಗಳಲ್ಲಿ ಚೆನ್ನಾಗಿ ನಗುತ್ತಿರುವುದನ್ನು ಆರಿಸಿ ತಂದ. ಗುಡ್ಡದ ಮೇಲೆ ಹಂದಿ ತಲೆಯ ಮುಂದೆ ಡ್ರೋನ್ ಇಟ್ಟು ಇಬ್ಬರೂ ಹಣೆ ನೆಲಕ್ಕೆ ಮುಟ್ಟಿಸಿದರು, ಅಕ್ಕಿಯ ಹೆಂಡವನ್ನು ನಾಲ್ಕು ದಿಕ್ಕಿಗೂ ಚೆಲ್ಲಿದರು. ಉಳಿದದ್ದನ್ನು ಕುಡಿದು, ಹಂದಿಯ ಕಿವಿ ಕತ್ತರಿಸಿ ತಿಂದು, ಸಂಜೆಯ ತನಕ ಹಳೆಯ ಮೇಷ್ಟ್ರುಗಳನ್ನು ಬೈದರು.

ಪೂಜೆ ಮಾಡಿಸಿಕೊಂಡರೂ ಡ್ರೋನ್ ಮೊದಲ ತಿಂಗಳು ಮಾನ ಕಳೆಯಿತು. ವಿಡಿಯೋದಲ್ಲಿ ಕಂಬಗಳು ಹಾವಿನಂತೆ ಹೊರಳುತ್ತಿದ್ದವು, ಗೋಡೆಗಳು ನೀರಿನೊಳಗೆ ನಿಂತಂತೆ ತುಳುಕುತ್ತಿದ್ದವು. ಮಾನ್‌ಹೊನ ಹೆಂಡತಿ ಮಿಹಿ ಒಂದು ತಟ್ಟೆಯಲ್ಲಿ ಹೆಸರುಹಿಟ್ಟನ್ನು ಬೇಯಿಸಿ ಹೆಪ್ಪುಗಟ್ಟಿಸಿದ ಮುಕ್ ತಂದು ಅವನ ಮುಂದೆ ಇಟ್ಟು, ಊಟದ ಕಡ್ಡಿಯಿಂದ ಅದನ್ನು ತಿವಿದಳು. ಬೆಳ್ಳಗಿನ ಗಡ್ಡೆ ಗಡಗಡ ನಡುಗಿತು.

"ನೋಡ್ರಿ, ಇದೇ ನಿಮ್ಮ ವಿಡಿಯೋ."

ಅಂದಿನಿಂದ ಆ ನಡುಕಕ್ಕೆ ಮನೆಯಲ್ಲೂ ಸೈಟಿನಲ್ಲೂ ಮುಕ್ ಎಂದೇ ಹೆಸರಾಯಿತು. ಇದು ಯಾಕೆ ಆಗುತ್ತದೆ ಎಂದು ಮಾನ್‌ಹೊ ಹುಡುಕಿದ. ಇಂಥ ಕ್ಯಾಮೆರಾ ಇಡೀ ದೃಶ್ಯವನ್ನು ಒಂದೇ ಗುಕ್ಕಿಗೆ ನುಂಗುವುದಿಲ್ಲ. ಮೇಲಿನ ಸಾಲಿನಿಂದ ಶುರುಮಾಡಿ ಒಂದೊಂದೇ ಸಾಲಾಗಿ ಕೆಳಗಿನವರೆಗೆ ಓದುತ್ತದೆ. ಓದುವ ಆ ಕ್ಷಣದಲ್ಲಿ ರೆಕ್ಕೆಯ ನಡುಕ ಕ್ಯಾಮೆರಾಗೆ ತಟ್ಟಿದರೆ ಒಂದು ಸಾಲು ಎಡಕ್ಕೆ, ಮುಂದಿನದು ಬಲಕ್ಕೆ ಬೀಳುತ್ತದೆ. ನೆಟ್ಟಗಿರುವ ಕಂಬ ಡೊಂಕಾಗುತ್ತದೆ. ಇಷ್ಟು ತಿಳಿದ ಮೇಲೆ ಅವನು ಹಟ ಹಿಡಿದ. ರೆಕ್ಕೆಗಳನ್ನು ತೆಳ್ಳಗಿನ ತಂತಿಯ ಮೇಲೆ ತೂಗಿ, ಹಗುರಾಗಿರುವ ಬದಿಗೆ ಅಂಟುಪಟ್ಟಿಯ ಚೂರು ಮೆತ್ತಿ ಸಮ ಮಾಡುತ್ತಿದ್ದ. ಕ್ಯಾಮೆರಾದ ಬುಡದ ರಬ್ಬರ್ ಗುಂಡಿಗಳು ಚಳಿಗೆ ಗಟ್ಟಿಯಾಗುತ್ತವೆಂದು ವರ್ಷಕ್ಕೊಮ್ಮೆ ಬದಲಿಸುತ್ತಿದ್ದ. ಬಿಸಿಲು ಹೆಚ್ಚಿದ್ದರೆ ಕ್ಯಾಮೆರಾದ ಕಣ್ಣಿಗೆ ಕಪ್ಪು ಗಾಜು ಹಾಕುತ್ತಿದ್ದ. ಉಳಿದ ನಡುಕವನ್ನು ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದ. ಅವನ ವಿಡಿಯೋ ಎಷ್ಟು ನುಣುಪಾಯಿತೆಂದರೆ ಅಕ್ಕಪಕ್ಕದ ಸೈಟುಗಳವರೂ ಕರೆಯತೊಡಗಿದರು.

ಇನ್ನೊಂದು ಅಭ್ಯಾಸ ಅವನಿಗೆ ಮದುವೆ ಕಾಲದಿಂದ ಬಂದಿತ್ತು. ಮದುಮಗಳು ಕಣ್ಣು ಮುಚ್ಚಿದರೂ, ಮಾವ ಕುಡಿದು ಕೇಕಿನ ಮೇಲೆ ಬಿದ್ದರೂ, ಕ್ಷಮೆ ಕೇಳಬೇಕಾದವನು ವಿಡಿಯೋದವನು. ಗಿರಾಕಿಯ ಮುಖ ಸಪ್ಪಗಾದರೆ ಸಾಕು, ಸೊಂಟ ಬಾಗಬೇಕು, ನನ್ನದೇ ತಪ್ಪು ಎನ್ನಬೇಕು. ತಪ್ಪು ಯಾರದೆಂದು ಆಮೇಲೆ ನೋಡಿಕೊಂಡರಾಯಿತು. ಇದನ್ನು ಈ ನಾಡಿನಲ್ಲಿ ಮರ್ಯಾದೆ ಎನ್ನುತ್ತಾರೆ. ಕೆಳಗಿನವನು ಮೇಲಿನವನಿಗೆ ಸಲ್ಲಿಸುವ ಮರ್ಯಾದೆ. ಮೇಲಿನಿಂದ ಕೆಳಕ್ಕೆ ಅದು ಇಳಿದದ್ದನ್ನು ಕಂಡವರಿಲ್ಲ.

ಆ ವಸಂತದಲ್ಲಿ ಸಾಂಗ್‌ಗಿಲ್ ಸಾರ್ವೆ ಕಟ್ಟಿದ್ದ ಗೋಪುರಕ್ಕೆ ತುದಿಯ ತೊಲೆ ಏರಿಸುವ ಸಮಾರಂಭ ಹತ್ತಿರ ಬಂತು. ಸೋಲ್‌ನಿಂದ ಮುಖ್ಯಸ್ಥರು ಬರುವವರಿದ್ದರು. ದೊಡ್ಡ ಪರದೆಯ ಮೇಲೆ ಮಾನ್‌ಹೊನ ವಿಡಿಯೋ ಹಾಕುವುದೆಂದು ಗೊತ್ತಾಗಿತ್ತು. ಸಮುದ್ರದ ಗಾಳಿ ಜೋರಾಗಿದ್ದ ಒಂದು ಬೆಳಿಗ್ಗೆ ಅವನು ಡ್ರೋನ್ ಮೇಲೆಬ್ಬಿಸಿದ. ಸೈಟಿನ ವಿಭಾಗದ ಮುಖ್ಯಸ್ಥ ಯೊಮ್ ಪಕ್ಕದಲ್ಲಿ ನಿಂತು ಕೈಪರದೆಯೊಳಗೆ ಇಣುಕುತ್ತಿದ್ದ. ಯೊಮ್ ವಯಸ್ಸಿನಲ್ಲಿ ಚಿಕ್ಕವನು, ಆದರೆ ಕೆಲಸ ಕೊಡುವವನು.

"ಏನ್ರೀ ಇದು ಓಕ್ ಅವ್ರೇ? ಪೂರ್ವದ ಕಡೆ ಸಾರ್ವೆ ಮುಕ್ ಥರ ಕುಣೀತಿದೆ."

ಮಾನ್‌ಹೊ ನೋಡಿದ. ಹಸಿರು ಬಲೆ ಹೊದ್ದ ಸಾರ್ವೆಯ ಅಂಚು ಮಧ್ಯದಲ್ಲಿ ಹೊಟ್ಟೆ ಬಂದಂತೆ ಉಬ್ಬಿ, ಮತ್ತೆ ಒಳಗೆ ಹೋಗುತ್ತಿತ್ತು.

"ಕ್ಷಮಿಸಿ ಸರ್, ಗಾಳಿಗೆ ಡ್ರೋನ್ ನಡುಗ್ತಿದೆ. ಈಗ್ಲೇ ಸರಿ ಮಾಡ್ತೀನಿ."

ಇಳಿಸಿದ. ರಬ್ಬರ್ ಬದಲಿಸಿದ. ಏರಿಸಿದ. ಅದೇ ಉಬ್ಬು. ಮತ್ತೆ ಇಳಿಸಿ ರೆಕ್ಕೆಗಳನ್ನೇ ಹೊಸವು ಹಾಕಿ, ಕಪ್ಪು ಗಾಜು ಹಾಕಿ ಏರಿಸಿದ. ಉಬ್ಬು ಹಾಗೆಯೇ ಇತ್ತು. ಯೊಮ್ ನಾಲಿಗೆ ಲೊಚಗುಟ್ಟಿ ಹೊರಟುಹೋದ. ಅವನ ಬೆನ್ನಿಗೇ ಮಾನ್‌ಹೊ ಫೋನಿನಲ್ಲಿ ಅವನಿಗೆ ಸಂದೇಶ ಬರೆದ: ಇಂದಿನ ವಿಡಿಯೋದಲ್ಲಿ ಸಾರ್ವೆ ನಡುಗಿದಂತೆ ಕಾಣುವುದಕ್ಕೆ ನನ್ನ ಡ್ರೋನ್ ಕಾರಣ, ತಲೆಬಾಗಿ ಕ್ಷಮೆ ಕೇಳುತ್ತೇನೆ, ತಿದ್ದಿ ಕೊಡುತ್ತೇನೆ.

ಮಧ್ಯಾಹ್ನ ಸೈಟಿನ ಊಟದ ಶೆಡ್ಡಿನಲ್ಲಿ ಸಾಂಗ್‌ಗಿಲ್ ಕಿಮ್ಚಿ ಸಾರಿಗೆ ಅನ್ನ ಸುರಿದುಕೊಳ್ಳುತ್ತಾ ದೂರದಿಂದಲೇ ಕೂಗಿದ.

"ಬಾರೋ ಬಾ! ಇವತ್ತು ಮುಕ್ ಅಂಗಡಿ ಇಟ್ಟಿದೀಯಂತೆ? ಯೊಮ್ ಸಾಹೇಬ್ರು ಊರೆಲ್ಲ ಸಾರ್ಕೊಂಡು ಬಂದ್ರು."

"ನನ್ ಡ್ರೋನ್ ಅಲ್ಲ ಕಣೋ, ನಿನ್ ಸಾರ್ವೇನೇ ಕುಣೀತಿರೋದು," ಎಂದ ಮಾನ್‌ಹೊ. ಬಾಯಿಗೆ ಬಂದದ್ದು ಹೇಳಿದ್ದ, ಅಷ್ಟೆ.

ಬೆಂಚಿನವರೆಲ್ಲ ನಕ್ಕರು. ಸಾಂಗ್‌ಗಿಲ್ ನಗಲಿಲ್ಲ.

"ನೋಡು, ನನ್ನ ಹೆಂಡ್ತಿ ಬಗ್ಗೆ ಬೇಕಾದ್ರೆ ತಮಾಷೆ ಮಾಡು, ಸಾರ್ವೆ ಬಗ್ಗೆ ಮಾತ್ರ ಬೇಡ. ಕೂದ್ಲು ಬೆಳ್ಳಗಾಗೋ ತನಕ ಕಟ್ಟಿದೀನಿ, ಒಬ್ಬನ ಕಾಲೂ ಜಾರಿಲ್ಲ. ಆಟದ ಸಾಮಾನು ಹಾರಿಸ್ಕೊಂಡು ಬಂದು ನಂಗೆ ಹೇಳ್ತೀಯಾ?"

"ಸರಿ ಮಾರಾಯ, ತಪ್ಪಾಯ್ತು," ಎಂದ ಮಾನ್‌ಹೊ. ಅಲ್ಲೂ ಕ್ಷಮೆ ಕೇಳಿದ.

ಮನೆಗೆ ಬಂದು ವಿಡಿಯೋವನ್ನು ಕಂಪ್ಯೂಟರಿಗೆ ಹಾಕಿದ. ಕಿಟಕಿಯಿಂದ ಬಿಸಿಲು ಪರದೆಯ ಮೇಲೆ ಬೀಳುತ್ತಿತ್ತು. ಎದ್ದು ಕಿಟಕಿಯ ಪರದೆ ಎಳೆದು ಕೂತ. ನಡುಕ ಎಷ್ಟಿದೆ ಎಂದು ಅಳೆಯಲು ಒಂದು ಚಿತ್ರವನ್ನು ನಿಲ್ಲಿಸಿ ಬೇರೆ ತೆಗೆದಿಟ್ಟು, ಸಾರ್ವೆಯ ಬುಡದಿಂದ ತುದಿಗೆ ಒಂದು ಕೆಂಪು ಗೆರೆ ಎಳೆದ. ಸಾರ್ವೆ ಗೆರೆಯಿಂದ ಹೊರಗೆ ಬಾಗಿತ್ತು, ಒಂದೆರಡು ಮಹಡಿಯಲ್ಲ, ಮಧ್ಯದ ಮಹಡಿಗಳಷ್ಟೂ. ಅಭ್ಯಾಸಬಲದಿಂದ ಪಕ್ಕದಲ್ಲೇ ಇದ್ದ ಕ್ರೇನಿನ ಕಂಬಕ್ಕೂ ಒಂದು ಗೆರೆ ಎಳೆದ.

ಕ್ರೇನ್ ಗೆರೆಯ ಮೇಲೇ ಕೂತಿತ್ತು. ಎಳ್ಳಷ್ಟೂ ಡೊಂಕಿರಲಿಲ್ಲ.

ಮಾನ್‌ಹೊನ ಕೈ ನಿಂತಿತು. ಕ್ಯಾಮೆರಾ ಓದುವುದು ಸಾಲುಸಾಲಾಗಿ. ನಡುಕ ಕ್ಯಾಮೆರಾದ್ದಾಗಿದ್ದರೆ ಒಂದು ಸಾಲಿನಲ್ಲಿ ಬಿದ್ದದ್ದೆಲ್ಲ ಒಟ್ಟಿಗೇ ಸರಿಯಬೇಕು, ಸಾರ್ವೆಯೂ ಕ್ರೇನೂ. ಒಂದೇ ಎತ್ತರದಲ್ಲಿ ನಿಂತ ಎರಡರಲ್ಲಿ ಒಂದು ಬಾಗಿ ಇನ್ನೊಂದು ನೆಟ್ಟಗಿದೆ ಎಂದರೆ ಬಾಗಿದ್ದು ಚಿತ್ರವಲ್ಲ. ಕಬ್ಬಿಣ. ಬೆಳಿಗ್ಗೆಯಿಂದ ಅವನು ಡ್ರೋನಿನ ರಬ್ಬರ್ ಬದಲಿಸುತ್ತಿದ್ದುದು ಗೋಪುರದ ರೋಗಕ್ಕೆ.

ಯೊಮ್‌ಗೆ ಫೋನ್ ಮಾಡಿದ.

"ಸರ್, ಕ್ಷಮಿಸಿ, ತೊಂದ್ರೆ ಕೊಡ್ತಿದೀನಿ. ಆ ನಡುಕ ನನ್ನ ಡ್ರೋನಿಂದಲ್ಲ ಅನ್ಸುತ್ತೆ. ಪೂರ್ವದ ಸಾರ್ವೆ ನಿಜವಾಗ್ಲೂ ಗೋಡೆಯಿಂದ ಬಿಟ್ಟಿದೆ..."

ಆ ಕಡೆ ಬಾಗಿಲು ಹಾಕಿದ ಸದ್ದಾಯಿತು. ಆಮೇಲೆ ಯೊಮ್ ಮೆಲ್ಲನೆ ಮಾತಾಡಿದ. "ಗೋಡೆಗೆ ಕಲ್ಲು ಅಂಟಿಸೋರು ಕೆಲ್ಸಕ್ಕೆ ಅಡ್ಡ ಬರುತ್ತೆ ಅಂತ ಕೊಂಡಿ ಬಿಚ್ಚಿದಾರೆ. ಸಮಾರಂಭ ಮುಗೀಲಿ, ವಾಪಸ್ ಹಾಕಿಸ್ತೀವಿ. ನೀವು ಸಾರ್ವೆ ಕಟ್ಟೋರಾ, ವಿಡಿಯೋ ತೆಗ್ಯೋರಾ?"

"ವಿಡಿಯೋ ತೆಗ್ಯೋನು ಸರ್."

"ಮತ್ತೆ? ಸಂಜೆ ಒಳಗೆ ನೆಟ್ಟಗೆ ಮಾಡಿ ಕಳ್ಸಿ. ನಿಮ್ಮ ಕೈಯಲ್ಲಿ ಆಗ್ದಿದ್ರೆ ಹೇಳಿ, ಬುಸಾನ್‌ನಿಂದ ಯಾರನ್ನಾದ್ರೂ ಕರೆಸ್ತೀನಿ."

ಗೋಡೆಗೂ ಸಾರ್ವೆಗೂ ನಡುವೆ ಕಚ್ಚಿ ಹಿಡಿದಿರುವುದು ಆ ಕಬ್ಬಿಣದ ಕೊಂಡಿಗಳೇ. ಅವಿಲ್ಲದ ಸಾರ್ವೆ ಗೋಡೆಗೆ ಒರಗಿಸಿಟ್ಟ ಏಣಿಗಿಂತ ಕಡೆ. ಇದು ಮಾನ್‌ಹೊಗೆ ಗೊತ್ತಿತ್ತು, ಸಾಂಗ್‌ಗಿಲ್ ಕುಡಿದಾಗಲೆಲ್ಲ ಹೇಳುತ್ತಿದ್ದ. ಫೋನಿನಲ್ಲಿ ಸಾಂಗ್‌ಗಿಲ್‌ನ ಹೆಸರಿನವರೆಗೆ ಬೆರಳು ಹೋಯಿತು. ಮಧ್ಯಾಹ್ನದ ಮುಖ ನೆನಪಾಯಿತು. ಆಟದ ಸಾಮಾನು ಎಂದದ್ದು ನೆನಪಾಯಿತು. ಬೆಳಿಗ್ಗೆ ಸೈಟಿಗೆ ಹೋದಾಗ ಮುಖಾಮುಖಿ ಹೇಳಿದರಾಯಿತು ಎಂದುಕೊಂಡ. ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಸುಳ್ಳುಗಳಲ್ಲಿ ಬೆಳಿಗ್ಗೆ ಹೇಳಿದರಾಯಿತು ಎಂಬುದಕ್ಕಿಂತ ಹೇಡಿ ಸುಳ್ಳು ಇನ್ನೊಂದಿಲ್ಲ.

ಆಮೇಲೆ ತಿದ್ದಲು ಕೂತ. ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಒಡೆದು, ಅಲ್ಲಾಡುವ ಚೌಕವನ್ನು ಮಾತ್ರ ಹಿಡಿದೆಳೆದು ಜಾಗದಲ್ಲಿ ಕೂರಿಸುವ ತಂತ್ರಾಂಶ ಅವನ ಹತ್ತಿರ ಇತ್ತು. ಮದುವೆ ವಿಡಿಯೋದಲ್ಲಿ ಅಜ್ಜಂದಿರ ತಲೆ ನಡುಗುವುದನ್ನು ನಿಲ್ಲಿಸಿದ ಕೈ ಅದು. ಸಂಜೆಯ ಹೊತ್ತಿಗೆ ಸಾರ್ವೆ ಕ್ರೇನಿನಷ್ಟೇ ನೆಟ್ಟಗೆ ನಿಂತಿತ್ತು. ಗಾಳಿಯಲ್ಲಿ ಬಾವುಟ ಮಾತ್ರ ಹಾರುತ್ತಿತ್ತು. ಕಳಿಸಿದ. ಕೂಡಲೇ ಯೊಮ್‌ನ ಉತ್ತರ ಬಂತು: ಬಹಳ ಚೆನ್ನಾಗಿದೆ, ಮೂಲವನ್ನು ಒಪ್ಪಂದದಂತೆ ಅಳಿಸಿ. ಸೈಟಿನ ಚಿತ್ರ ಹೊರಗಿನವರ ಬಳಿ ಉಳಿಯಬಾರದೆಂದು ಒಪ್ಪಂದವಿತ್ತು. ಮಾನ್‌ಹೊ ಅಳಿಸಿದ. ಗೆರೆ ಎಳೆದಿದ್ದ ಆ ಒಂದು ಚಿತ್ರ ಬೇರೆ ಕಡೆ ಇದ್ದದ್ದರಿಂದ ಉಳಿಯಿತು. ಉಳಿಸಬೇಕೆಂದು ಉಳಿಸಿದ್ದಲ್ಲ.

ಅವನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಸೈಟಿನ ಸುರಕ್ಷತೆಯವರು ಆ ವರ್ಷದಿಂದ ಸಾರ್ವೆ ಹತ್ತಿ ನೋಡುವುದನ್ನು ಬಿಟ್ಟಿದ್ದರು. ಡ್ರೋನ್ ವಿಡಿಯೋ ಇದೆಯಲ್ಲ, ಕುರ್ಚಿಯಲ್ಲಿ ಕೂತೇ ಪರೀಕ್ಷೆ ಮುಗಿಸಿ ಸಹಿ ಹಾಕುತ್ತಿದ್ದರು. ಸಮಾರಂಭಕ್ಕೆ ಬಣ್ಣ ಹಚ್ಚಿದ ವಿಡಿಯೋವೇ ಅವರ ಪಾಲಿಗೆ ತಪಾಸಣೆಯ ವಿಡಿಯೋ. ಸಿಂಗಾರ ಮಾಡುವವನ ಕೈಗೆ ನಾಡಿ ಹಿಡಿಯುವ ಕೆಲಸ ಕೊಟ್ಟು, ಅದನ್ನು ಅವನಿಗೆ ಹೇಳದೆ ಇದ್ದರು.

ಮರುದಿನ ಬೆಳಿಗ್ಗೆ ಮಾನ್‌ಹೊ ಸೈಟಿನ ಗೇಟು ಮುಟ್ಟುವ ಮೊದಲೇ ಪೂರ್ವದ ಸಾರ್ವೆ ಗೋಡೆಯಿಂದ ಸುಲಿದು ಬಿದ್ದಿತ್ತು. ಸಾಂಗ್‌ಗಿಲ್ ಅದರ ಮಧ್ಯದಲ್ಲಿದ್ದ, ಸೊಂಟದಲ್ಲಿ ಸ್ಪ್ಯಾನರ್ ಸಿಕ್ಕಿಸಿಕೊಂಡು. ಕೆಲಸ ಶುರುವಾಗುವ ಮೊದಲು ಒಬ್ಬನೇ ಹತ್ತಿದ್ದ. ಹಸಿರು ಬಲೆಯನ್ನು ಕತ್ತರಿಸಿ ಅವನನ್ನು ಹೊರಗೆ ತೆಗೆಯಬೇಕಾಯಿತು.

ಬೀಳ್ಕೊಡುಗೆ ನಡೆದದ್ದು ಆ ಹಳೆಯ ಮದುವೆ ಹಾಲ್‌ನಲ್ಲಿಯೇ. ಸಾಂಗ್‌ಗಿಲ್ ಅಲ್ಲೇ ಮದುವೆಯಾಗಿದ್ದ, ವಿಡಿಯೋ ತೆಗೆದವನು ಮಾನ್‌ಹೊ. ಬಿಳಿ ಸೇವಂತಿಗೆಯ ನಡುವಿನ ಫೋಟೋಗೆ ಎರಡು ಸಲ ಹಣೆ ನೆಲಕ್ಕೆ ಮುಟ್ಟಿಸಿ, ಖಾರದ ಸಾರಿನ ಬಟ್ಟಲ ಮುಂದೆ ಕೂತ. ಸಾಂಗ್‌ಗಿಲ್‌ನ ಹೆಂಡತಿ ಮಾಲ್ಸುನ್ ಕಪ್ಪು ಉಡುಪಿನಲ್ಲಿ ಬಂದು ಎದುರಿಗೆ ಕುಸಿದಳು.

"ಹಿಂದಿನ ಸಂಜೆ ಬಂದೋರು ಊಟಾನೇ ಸರಿಯಾಗಿ ಮಾಡ್ಲಿಲ್ಲ ಭಾವ. ಪೂರ್ವದ ಕಡೆ ಕೆಳಗಿಂದ ಸ್ವಲ್ಪ ಹತ್ತಿ ನೋಡ್ದೆ, ಕತ್ತಲಾಗಿತ್ತು, ಕಾಲಡಿ ತೂಗ್ತಿದೆ, ಕೊಂಡಿ ಒಂದೆರಡು ಸಡಿಲ ಆಗಿರ್ಬೇಕು, ಬೆಳಿಗ್ಗೆ ಯಾರೂ ಬರೋದ್ರೊಳಗೆ ಬಿಗಿ ಮಾಡ್ಬಿಡ್ತೀನಿ ಅಂದ್ರು. ಈಗ ಕಂಪನಿಯೋರು ಬಂದು ಅವ್ರೇ ಕೊಂಡಿ ಬಿಚ್ಚಿದ್ರು ಅಂತಿದಾರೆ. ಕೈಯಲ್ಲಿ ಸ್ಪ್ಯಾನರ್ ಇತ್ತಂತೆ. ಬಿಗಿ ಮಾಡೋಕ್ಕೂ ಸ್ಪ್ಯಾನರ್ ಬೇಕಲ್ವಾ ಭಾವ? ಅಷ್ಟೂ ಗೊತ್ತಾಗಲ್ವಾ ಅವ್ರಿಗೆ?"

ಗೊತ್ತಾಗದೆ ಏನು. ಚೆನ್ನಾಗಿಯೇ ಗೊತ್ತಿತ್ತು. ಸತ್ತವನ ಮೇಲೆ ಹಾಕಿದರೆ ಅವನು ಎದ್ದು ಬಂದು ಅಲ್ಲ ಎನ್ನುವುದಿಲ್ಲ. ಸಂಜೆ ಟಿವಿಯಲ್ಲಿ ಕಂಪನಿಯ ವಕ್ತಾರ ಮಾನ್‌ಹೊನ ವಿಡಿಯೋವನ್ನೇ ತೋರಿಸಿದ. ದುರಂತದ ಹಿಂದಿನ ದಿನದ ದೃಶ್ಯ ಇದು, ಸಾರ್ವೆ ನೆಟ್ಟಗೆ, ಗಟ್ಟಿಯಾಗಿ ನಿಂತಿದೆ, ನೋಡಿ. ಮರುದಿನ ಮೇಸ್ತ್ರಿ ಯಾರ ಅಪ್ಪಣೆಯೂ ಇಲ್ಲದೆ ಸ್ಪ್ಯಾನರ್ ಹಿಡಿದು ಹತ್ತಿದ. ಮಿಕ್ಕದ್ದನ್ನು ನೀವೇ ಊಹಿಸಿ. ಊರು ಊಹಿಸಿತು. ಪೇಟೆಯಲ್ಲಿ ಮೀನು ಮಾರುವವರು ಕೂಡ ಆ ಮೇಸ್ತ್ರಿಗೆ ಏನು ಹುಚ್ಚು ಹಿಡಿದಿತ್ತೋ ಎಂದು ಮಾತಾಡಿಕೊಂಡರು.

ಹಾಲ್‌ನ ಗಾಡಿ ನಿಲ್ಲಿಸುವ ಜಾಗದಲ್ಲಿ ಯೊಮ್ ಸಿಗರೇಟು ಸೇದುತ್ತಾ ಕಾದಿದ್ದ.

"ಮೂಲ ವಿಡಿಯೋ ಅಳಿಸಿದ್ರಲ್ವಾ?"

"ಅಳಿಸಿದೆ ಸರ್."

"ಒಳ್ಳೇದು. ಯಾರಾದ್ರೂ ಕೇಳಿದ್ರೆ ಹೆದ್ರಬೇಡಿ. ನಡುಗಿದ್ದು ನಿಮ್ಮ ಡ್ರೋನ್ ಅಂತ ನೀವೇ ಬರೆದು ಕಳಿಸಿದೀರಿ, ನಾನು ಜೋಪಾನವಾಗಿ ಇಟ್ಕೊಂಡಿದೀನಿ." ಯೊಮ್ ಅವನ ಭುಜ ತಟ್ಟಿದ. "ಫೋನಲ್ಲಿ ನಾವು ಮಾತಾಡಿದ್ದು ಹಿನ್ನೆಲೆ ಸಂಗೀತದ ಬಗ್ಗೆ. ಅಲ್ವಾ?"

ಮಾನ್‌ಹೊ ಸೊಂಟ ಬಾಗಿಸಿದ. ಬಾಗಿದ ಮೇಲೆ ತಾನು ಬಾಗಿದ್ದು ಅವನಿಗೆ ಅರಿವಾಯಿತು.

ಮನೆಯಲ್ಲಿ ಕಂಪ್ಯೂಟರ್ ತೆರೆದು ಆ ಒಂದು ಚಿತ್ರವನ್ನು ಮಿಹಿಗೆ ತೋರಿಸಿದ. ಬಾಗಿದ ಸಾರ್ವೆ, ನೆಟ್ಟಗಿನ ಕ್ರೇನ್, ಎರಡು ಕೆಂಪು ಗೆರೆ. ಸಾಂಗ್‌ಗಿಲ್ ಸ್ಪ್ಯಾನರ್ ಹಿಡಿದು ಹತ್ತುವ ಮೊದಲೇ ಕೊಂಡಿಗಳು ಹೋಗಿದ್ದವು ಎನ್ನುವುದಕ್ಕೆ ಲೋಕದಲ್ಲಿ ಉಳಿದಿದ್ದ ಸಾಕ್ಷಿ ಅದೊಂದೇ. ಗೆರೆ ಎಳೆದ ಗಳಿಗೆ ಅದರ ಹೊಟ್ಟೆಯಲ್ಲೇ ದಾಖಲಾಗಿತ್ತು. ತಿದ್ದಿದ ವಿಡಿಯೋ ಕಳಿಸುವುದಕ್ಕಿಂತ ಮೊದಲಿನ ಗಳಿಗೆ.

ಮಿಹಿ ಎರಡು ಗೆರೆಗಳ ಮೇಲೂ ಬೆರಳು ಆಡಿಸಿ ನೋಡಿದಳು.

"ಇದನ್ನ ಕೊಟ್ರೆ, ನಿಮ್ಗೆ ಗೊತ್ತಿತ್ತು ಅಂತ ಆಗತ್ತೆ."

"ಗೊತ್ತಿತ್ತು."

"ಜೈಲಿಗೆ ಹಾಕಿದ್ರೆ? ಸತ್ತೋರು ಇದ್ರಿಂದ ಎದ್ದು ಬರ್ತಾರಾ?"

"ಇಲ್ಲ."

"ಮತ್ಯಾಕೆ?"

"ಅವನು ಬಿಚ್ಚಿಲ್ಲ ಕಣೇ," ಎಂದ. "ಅವನು ಬಿಗಿ ಮಾಡೋಕ್ಕೆ ಹತ್ತಿದ್ದು."

ಮಿಹಿ ಎದ್ದು ಅವನ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕಿದಳು. ಹಾಕುವಷ್ಟು ಹೊತ್ತೂ ಬೈಯುತ್ತಿದ್ದಳು.

ಕಾರ್ಮಿಕ ಇಲಾಖೆಯ ತನಿಖಾಧಿಕಾರಿ ಹ್ವಾಂಗ್ಬೊ ಎಂಬ ಹೆಂಗಸು. ಮೇಜಿನ ಮೇಲೆ ಬೇರೆ ಬೇರೆ ಸಾವುಗಳ ಕಡತಗಳ ರಾಶಿಯಿತ್ತು. ಮಾನ್‌ಹೊ ಸಾಲುಸಾಲಾಗಿ ಓದುವ ಕ್ಯಾಮೆರಾದ ಕತೆ ಶುರುಮಾಡಿದ. ಆಕೆ ಅರ್ಧಕ್ಕೇ ಕೈಯೆತ್ತಿದಳು.

"ಗೊತ್ತಾಯ್ತು. ಡ್ರೋನ್ ನಡುಗಿದ್ರೆ ಕ್ರೇನೂ ಬಾಗ್ಬೇಕಿತ್ತು. ಇದು ಸಾಕು." ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಈ ಗೆರೆ ಎಳೆದಿದ್ದು ಯಾವಾಗ?"

ಇಲ್ಲಿ ಒಂದು ಬಾಗಿಲು ತೆರೆದೇ ಇತ್ತು. ಎಳೆದೆ, ಆದರೆ ಅರ್ಥವಾಗಲಿಲ್ಲ. ಡ್ರೋನಿನದೇ ನಡುಕವೆಂದು ನಂಬಿದ್ದೆ, ಬರೆದೂ ಇದ್ದೆ ಎನ್ನಬಹುದಿತ್ತು. ಹಾಗೆಂದರೆ ಅವನು ಉಳಿಯುತ್ತಿದ್ದ. ಆದರೆ ಆಗ ಯೊಮ್‌ಗೆ ಹೇಳಿದ್ದೂ ಸುಳ್ಳಾಗುತ್ತಿತ್ತು, ಯೊಮ್ ಕೊಂಡಿಯ ವಿಷಯ ಒಪ್ಪಿಕೊಂಡದ್ದೂ ಹೋಗುತ್ತಿತ್ತು. ಚಿತ್ರ ಮತ್ತೆ ಬರೀ ಮುಕ್ ಆಗುತ್ತಿತ್ತು.

"ತಿದ್ದೋಕ್ಕೆ ಮುಂಚೆ," ಎಂದ ಮಾನ್‌ಹೊ. "ಸಾರ್ವೆ ಬಾಗಿದೆ ಅಂತ ಗೊತ್ತಾಯ್ತು. ಯೊಮ್ ಅವ್ರಿಗೆ ಫೋನ್ ಮಾಡಿ ಹೇಳ್ದೆ. ಕಲ್ಲಿನೋರು ಕೊಂಡಿ ಬಿಚ್ಚಿದಾರೆ ಅಂದ್ರು, ನೆಟ್ಟಗೆ ಮಾಡಿ ಕಳ್ಸು ಅಂದ್ರು. ಮಾಡಿ ಕಳ್ಸಿದೆ."

"ಇದನ್ನ ಹಾಗೇ ಬರ್ಕೋತೀನಿ. ಬೇಕಾದ್ರೆ ವಕೀಲ್ರನ್ನ ಕೇಳ್ಕೊಂಡು ಬನ್ನಿ, ಕಾಯ್ತೀನಿ."

"ಬರ್ಕೊಳ್ಳಿ ಮೇಡಂ."

ಸಾಂಗ್‌ಗಿಲ್‌ನ ಮೇಲಿನ ಆರೋಪ ಬಿತ್ತು. ಅಷ್ಟು ಮಟ್ಟಿಗೆ ಆ ಚಿತ್ರ ತನ್ನ ಕೆಲಸ ಮಾಡಿತು. ಆದರೆ ಕಂಪನಿಯವರು ಒಂದು ವಾರವೂ ಸುಮ್ಮನೆ ಕೂರಲಿಲ್ಲ; ಕತೆಯನ್ನು ಹೊಸದಾಗಿ ಕಟ್ಟಿದರು. ನಾವು ಮೋಸಹೋದೆವು ಎಂದರು. ಸಾರ್ವೆ ಬಾಗಿದ್ದನ್ನು ಕಣ್ಣಾರೆ ಕಂಡ ಡ್ರೋನ್‌ನವನು ಅದನ್ನು ತಿದ್ದಿ ಮುಚ್ಚಿಟ್ಟ, ನಮ್ಮ ಸುರಕ್ಷತೆಯವರು ಆ ವಿಡಿಯೋ ನಂಬಿ ಸಹಿ ಹಾಕಿದರು, ನೆಟ್ಟಗಿರುವುದನ್ನು ತೋರಿಸಿದರೆ ಡೊಂಕು ಹೇಗೆ ಕಾಣಬೇಕು? ಯೊಮ್ ಫೋನಿನಲ್ಲಿ ಸಂಗೀತದ ಮಾತಾಡಿದ್ದಾಗಿ ಹೇಳಿದ. ಅದಕ್ಕೆ ಅವನ ಬಳಿ ದಾಖಲೆಯೂ ಇತ್ತು, ಮಾನ್‌ಹೊ ಕೈಯಾರೆ ಬರೆದ ಕ್ಷಮೆಯ ಸಂದೇಶ. ಅದರಲ್ಲಿ ಕೊಂಡಿಯ ಮಾತೇ ಇಲ್ಲ, ಇರುವುದು ತಲೆಬಾಗುವುದೊಂದೇ. ಕಲ್ಲು ಅಂಟಿಸುವ ಗುತ್ತಿಗೆದಾರ ಅಂಗಡಿ ಮುಚ್ಚಿ, ಭಾವಮೈದುನನ ಹೆಸರಿನಲ್ಲಿ ಇನ್ನೊಂದು ತೆರೆದ. ಯೊಮ್‌ಗೆ ಬೇರೆ ಊರಿನ ಸೈಟಿಗೆ ವರ್ಗವಾಯಿತು. ಸಮಾರಂಭ ತಡವಾಗಿ ನಡೆಯಿತು, ಪರದೆಯ ಮೇಲೆ ಬೇರೆ ಯಾರೋ ತೆಗೆದ ವಿಡಿಯೋ ಓಡಿತು. ನ್ಯಾಯಾಲಯದಲ್ಲಿ ಅಜಾಗರೂಕತೆಯಿಂದ ಸಾವಿಗೆ ಕಾರಣನಾದೆ ಎಂದು ತಪ್ಪೊಪ್ಪಿಕೊಂಡ ಒಬ್ಬನೇ ಒಬ್ಬ ಮನುಷ್ಯ ಓಕ್ ಮಾನ್‌ಹೊ. ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು, ಹಾರಿಸುವ ಪರವಾನಗಿ ಕಿತ್ತುಕೊಂಡರು.

ಹೀಗೆ ಆ ಸಾವಿನ ಹೊಣೆ ಸಾರ್ವೆ ಕಟ್ಟುವವನ ಹೆಗಲಿಂದ ಇಳಿದು ವಿಡಿಯೋ ತೆಗೆಯುವವನ ಹೆಗಲೇರಿತು. ಎರಡೂ ಹೆಗಲು ಒಂದೇ ಎತ್ತರದವು. ಅದಕ್ಕಿಂತ ಮೇಲಕ್ಕೆ ಅದು ಒಂದು ಮೆಟ್ಟಿಲೂ ಹತ್ತಲಿಲ್ಲ. ಕುರ್ಚಿಯಲ್ಲಿ ಕೂತು ಸಹಿ ಹಾಕಿದವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಕುರ್ಚಿ ಕೊಟ್ಟವರ ಹೆಸರಂತೂ ನ್ಯಾಯಾಲಯದಲ್ಲಿ ಯಾರ ಬಾಯಿಗೂ ಬರಲಿಲ್ಲ.

ಮಾನ್‌ಹೊ ಮತ್ತೆ ಚಿಪ್ಪುಮಾಂಸದ ಶೆಡ್ಡಿಗೆ ಹೋದ. ಮುದುಕಿಯರು ಜಾಗ ಬಿಟ್ಟುಕೊಟ್ಟರು.

ಶರತ್ಕಾಲದಲ್ಲಿ, ಎಲ್ಲರೂ ಹಿರಿಯರ ಗೋರಿಯ ಹುಲ್ಲು ಕತ್ತರಿಸುವ ದಿನಗಳಲ್ಲಿ, ಅವನು ಕುಡುಗೋಲು ಹಿಡಿದು ಸಾಂಗ್‌ಗಿಲ್‌ನ ಗೋರಿಗೆ ಹೋದ. ಮಾಲ್ಸುನ್ ಆಗಲೇ ಅಲ್ಲಿದ್ದಳು. ಇಬ್ಬರೂ ದಿಬ್ಬದ ಎರಡು ಬದಿಯಿಂದ ಹುಲ್ಲು ಕತ್ತರಿಸಿದರು. ಮುಗಿದ ಮೇಲೆ ಅವಳು ಪ್ಲಾಸ್ಟಿಕ್ ಲೋಟಕ್ಕೆ ಅಕ್ಕಿಯ ಹೆಂಡ ಸುರಿದು ಕೊಟ್ಟಳು.

"ಅವ್ರ ಹೆಸ್ರು ಉಳಿಸಿದ್ರಿ. ನಿಮ್ಮನ್ನ ನೀವು ಕಳ್ಕೊಂಡು ಉಳಿಸಿದ್ರಿ. ಮಕ್ಳಿಗೆ ಹೇಳಿದೀನಿ, ಎದುರಿಗೆ ಸಿಕ್ರೆ ಬಾಗಿ ನಮಸ್ಕಾರ ಮಾಡಿ ಅಂತ."

ಮಾನ್‌ಹೊ ಲೋಟದಲ್ಲಿದ್ದುದರಲ್ಲಿ ಅರ್ಧವನ್ನು ಗೋರಿಯ ಬುಡಕ್ಕೆ ಚೆಲ್ಲಿದ.

"ಆದ್ರೆ ಭಾವ, ಒಂದು ಕೇಳ್ತೀನಿ. ಆವತ್ತು ಮಧ್ಯಾಹ್ನ ಯೊಮ್‌ಗೆ ಫೋನ್ ಮಾಡಿದ್ರಿ. ನಮ್ಮವ್ರಿಗೆ ಯಾಕೆ ಮಾಡ್ಲಿಲ್ಲ?"

"ಬೈತಾನೆ ಅಂದ್ಕೊಂಡೆ."

"ಬೈತಿದ್ರು. ಹತ್ತು ಮನೆಗೆ ಕೇಳೋ ಹಾಗೆ ಬೈತಿದ್ರು." ಅವಳು ಕತ್ತರಿಸಿದ ಹುಲ್ಲನ್ನು ಕೈಯಿಂದ ಒಟ್ಟುಮಾಡತೊಡಗಿದಳು. "ಒಂದೆರಡು ಕೊಂಡಿ ಸಡಿಲ ಅಂದ್ಕೊಂಡು ಹತ್ತಿದ್ರು ಭಾವ. ಅಷ್ಟೊಂದು ಮಹಡಿ ಬಿಟ್ಟಿದೆ ಅಂತ ಗೊತ್ತಿದ್ರೆ, ಆ ಮನುಷ್ಯ, ಸಾರ್ವೆ ವಿಷಯ ಅಷ್ಟು ಬಲ್ಲೋರು, ಅದರ ಮೇಲೆ ಕಾಲಿಡ್ತಿದ್ರಾ?"

ಕೆಳಗೆ ಬಂದರಿನ ಆಚೆ ಇನ್ನೊಂದು ಗೋಪುರ ಏಳುತ್ತಿತ್ತು. ಅವಳು ಹುಲ್ಲಿನ ರಾಶಿಯನ್ನು ತನ್ನ ಏಪ್ರನ್ನಿನಲ್ಲಿ ತುಂಬಿಕೊಂಡು ಎದ್ದಳು. ಉತ್ತರಕ್ಕೆ ಕಾಯಲಿಲ್ಲ.

"ಇಡ್ತಿರ್ಲಿಲ್ಲ," ಎಂದ ಮಾನ್‌ಹೊ. ಅಷ್ಟರಲ್ಲಿ ಅವಳು ಇಳಿಜಾರಿನಲ್ಲಿ ಬಹಳ ದೂರ ಹೋಗಿದ್ದಳು.